ಸೀಬೆ ಗಿಡಕ್ಕೆ ಏನಾಗಿದೆ? ಹಿತ್ತಲಲ್ಲಿ ದೋಷ ಹುಡುಕುವ ಬಗೆ

ಆಗಸ್ಟ್ ತಿಂಗಳಲ್ಲಿ ಪಕ್ಕದ ಮನೆ ಅಕ್ಕ ಒಂದು ಬುಟ್ಟಿ ಸೀಬೆಹಣ್ಣು ಹಿಡಿದುಕೊಂಡು ಬಂದರು. "ನೋಡಿ, ಒಂದೂ ತಿನ್ನೋ ಹಾಗಿಲ್ಲ. ಮರ ಕಡಿಸಿಬಿಡ್ಲಾ?" ಅಂತ ಕೇಳಿದರು. ಹೊರಗಿಂದ ನೋಡಿದರೆ ನಿಂಬೆ ಬಣ್ಣ, ಕೈಗೆ ತುಂಬಿಕೊಳ್ಳುವ ಹಣ್ಣು. ಕತ್ತರಿಸಿದರೆ ತಿರುಳೆಲ್ಲ ಕರಗಿ ನೀರಾಗಿತ್ತು, ಮಿಜಿಮಿಜಿ ಹುಳ. ಮರ ನೋಡಿ ಬಂದೆ. ಎಲೆ ಹಸಿರಾಗಿತ್ತು, ತೊಗಟೆ ನುಣ್ಣಗಿತ್ತು, ತುದಿಯಲ್ಲಿ ಹೊಸ ಕುಡಿ ಇತ್ತು. ಮರಕ್ಕೆ ಏನೂ ಆಗಿರಲಿಲ್ಲ. ಹಣ್ಣು ಬಂದ ತಿಂಗಳು ತಪ್ಪಾಗಿತ್ತು, ಅಷ್ಟೇ.

ತುಮಕೂರಿನ ನಮ್ಮ ಹಿತ್ತಲಲ್ಲಿ ನೆಲದಲ್ಲಿ ನಾಲ್ಕು, ಡ್ರಮ್ಮಿನಲ್ಲಿ ಎರಡು ಸೀಬೆ ಇವೆ. ಒಂದು ಅಜ್ಜಿ ಕಾಲದ ನಾಟಿ ಮರ. ಉಳಿದವು ಅಲಹಾಬಾದ್ ಸಫೇದ, ಲಕ್ನೋ 49, ಅರ್ಕಾ ಮೃದುಲ, ಅರ್ಕಾ ಕಿರಣ್, ತೈವಾನ್ ಪಿಂಕ್. ಇವುಗಳ ಜೊತೆ ಇದ್ದು ನಾನು ಕಂಡುಕೊಂಡದ್ದು ಇಷ್ಟು: ಸೀಬೆಯಲ್ಲಿ ಏನಾದರೂ ಕೆಟ್ಟರೆ ಔಷಧಿ ಬಾಟಲಿಗೆ ಕೈ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಯಾವ ತಿಂಗಳು? ಈ ಗಿಡ ಎಲ್ಲಿಂದ ಬಂತು? ಮನೆ ಹಿತ್ತಲಿನ ಬಹಳಷ್ಟು ತೊಂದರೆ ಈ ಎರಡರಲ್ಲೇ ಸಿಕ್ಕಿಬಿಡುತ್ತೆ. ಎರಡಕ್ಕೂ ಸ್ಪ್ರೇ ಹೊಡೆದು ಪ್ರಯೋಜನ ಇಲ್ಲ.

ಹಣ್ಣಿನೊಳಗೆ ಹುಳ

ಮೊದಲು ಹುಳ ಯಾವುದು ಅಂತ ನೋಡಿ. ಹಣ್ಣನ್ನು ಬಿಳಿ ತಟ್ಟೆಯ ಮೇಲೆ ಇಟ್ಟು ಅಡ್ಡಕ್ಕೆ ಕತ್ತರಿಸಿ. ಕಾಲಿಲ್ಲದ ಬೆಳ್ಳನೆಯ ಹುಳಗಳು ಗುಂಪಾಗಿ ಇದ್ದರೆ, ಬಲಿತ ಒಂದೆರಡು ಮೈ ಬಗ್ಗಿಸಿ ಟಪ್ಪನೆ ಚಿಮ್ಮಿದರೆ, ಅದು ಹಣ್ಣಿನ ನೊಣದ ಮರಿ. ಒಂದೇ ಹುಳ ಇದ್ದು, ಅದಕ್ಕೆ ತಲೆ, ಕಾಲು ಕಾಣಿಸುತ್ತಿದ್ದು, ಹೊರಗೆ ದುಂಡನೆ ತೂತು, ತೂತಿನ ಬಾಯಲ್ಲಿ ಹಿಕ್ಕೆ ಇದ್ದರೆ ಅದು ಕಾಯಿಕೊರಕ. ಕೊರಕ ಹೊಕ್ಕ ಕಾಯಿಯನ್ನು ಕಿತ್ತು ನಾಶ ಮಾಡಿದರೆ ಮನೆ ಮಟ್ಟಿಗೆ ಸಾಕು. ದೊಡ್ಡ ಕಾಟ ನೊಣದ್ದೇ.

ಹೆಣ್ಣು ನೊಣ ಬಲಿಯುತ್ತಿರುವ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತೆ. ಗಾಯ ಗುಂಡುಸೂಜಿ ಚುಚ್ಚಿದ ಹಾಗೆ ಇರುತ್ತೆ. ಬೆಳಗಿನ ಬೆಳಕಿಗೆ ಕಾಯಿಯನ್ನು ತಿರುಗಿಸಿ ನೋಡಿದರೆ ಚುಕ್ಕೆಯ ಸುತ್ತ ಒಂದು ಕಡುಹಸಿರು ಉಂಗುರ ಕಾಣುತ್ತೆ. ಹೆಬ್ಬೆರಳಿನಿಂದ ಒತ್ತಿದರೆ ಅಲ್ಲಿ ಮಾತ್ರ ಮೆತ್ತಗೆ. ಅಷ್ಟಾಗಿದ್ದರೆ ಆ ಕಾಯಿ ಹೋಯ್ತು ಅಂತಲೇ ಲೆಕ್ಕ. ಒಳಗೆ ಮರಿ ಒಡೆದು ತಿರುಳು ತಿನ್ನುತ್ತೆ, ಹಣ್ಣು ನೆಲಕ್ಕೆ ಬೀಳುತ್ತೆ, ಬಲಿತ ಹುಳ ಮಣ್ಣಿಗೆ ಇಳಿದು ಕೋಶ ಕಟ್ಟುತ್ತೆ. ಸ್ವಲ್ಪ ದಿನಕ್ಕೆ ಹೊಸ ನೊಣ ಮೇಲೆ ಬರುತ್ತೆ. ಅಂದರೆ ಬಿದ್ದ ಹಣ್ಣನ್ನು ಮರದ ಬುಡದಲ್ಲೇ ಬಿಟ್ಟರೆ ಮುಂದಿನ ಹಣ್ಣಿಗೆ ನಾವೇ ನೊಣ ಸಾಕಿದ ಹಾಗೆ.

ನಾನು ಮಾಡೋದು ಹೀಗೆ. ಬಿದ್ದ ಹಣ್ಣನ್ನು ದಿನಾ ಸಂಜೆ ಆಯುತ್ತೇನೆ. ಗೊಬ್ಬರದ ಗುಂಡಿಗೆ ಹಾಕುವುದಿಲ್ಲ, ಅಲ್ಲಿ ಹುಳ ಆರಾಮಾಗಿ ಬಲಿಯುತ್ತೆ. ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಒಂದು ವಾರ ಬಿಸಿಲಿಗೆ ಇಡುತ್ತೇನೆ. ಮರದಲ್ಲಿರುವ ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ, ಬಣ್ಣ ತಿರುಗುವ ಎಷ್ಟೋ ಮೊದಲೇ ಚೀಲ ಕಟ್ಟುತ್ತೇನೆ. ಬಟ್ಟೆಯಂಥ ತೆಳು ಚೀಲ ಸಿಗುತ್ತೆ, ಅದು ಇಲ್ಲದಿದ್ದರೆ ದಿನಪತ್ರಿಕೆಯ ಪೊಟ್ಟಣವೂ ಬಿಸಿಲುಕಾಲಕ್ಕೆ ಆಗುತ್ತೆ. ಚೀಲದ ಬಾಯಿ ತೊಟ್ಟಿನ ಹತ್ತಿರ ಪೂರ್ತಿ ಮುಚ್ಚಿರಬೇಕು. ಒಂದು ಬೆರಳು ಸಂದಿ ಇದ್ದರೂ ನೊಣ ಒಳಗೆ ಹೋಗುತ್ತೆ. ಚೀಲ ಕಟ್ಟಿದ ಮೇಲೂ ಹುಳ ಬಂದರೆ ಕಟ್ಟಿದ್ದು ತಡವಾಯ್ತು ಅಂತ ಅರ್ಥ, ಚೀಲದ ತಪ್ಪಲ್ಲ.

ಇನ್ನು ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೀಥೈಲ್ ಯೂಜಿನಾಲ್ ಬಲೆ. ಒಳ್ಳೆಯದೇ, ನಮ್ಮಲ್ಲೂ ಒಂದು ತೂಗುತ್ತಿದೆ. ಆದರೆ ಅದಕ್ಕೆ ಬೀಳೋದು ಗಂಡು ನೊಣ ಮಾತ್ರ. ಬಲೆ ತುಂಬ ನೊಣ ಬಿದ್ದಿದೆ, ಆದರೂ ಹಣ್ಣಲ್ಲಿ ಹುಳ ಇದೆ ಅಂತ ಬೇಜಾರಾಗುವವರು ಇದನ್ನು ತಿಳಿದಿರಬೇಕು. ಆಗಲೇ ಗಂಡಿನ ಜೊತೆ ಕೂಡಿದ ಹೆಣ್ಣು ಪಕ್ಕದ ಸೈಟಿನಿಂದ ಹಾರಿ ಬರುತ್ತೆ. ಬಲೆ, ಚೀಲ, ಬಿದ್ದ ಹಣ್ಣಿನ ವಿಲೇವಾರಿ ಮೂರೂ ಜೊತೆಗೆ ನಡೆಯಬೇಕು, ಓಣಿಯ ನಾಲ್ಕು ಮನೆಯವರು ಸೇರಿ ಮಾಡಿದರೆ ಇನ್ನೂ ಚೆನ್ನ.

ಹಣ್ಣು ದಪ್ಪ, ಆದರೆ ಸಪ್ಪೆ

ಇದು ತಿಂಗಳಿನ ದೋಷ. ನಮ್ಮ ಕಡೆ ಸೀಬೆ ವರ್ಷದಲ್ಲಿ ಎರಡು ಮೂರು ಸಲ ಹೂ ಬಿಡುತ್ತೆ. ಹೂವಿನಿಂದ ಹಣ್ಣಿಗೆ ನಾಲ್ಕರಿಂದ ಐದು ತಿಂಗಳು. ಮಾವು ಹೂ ಬಿಡುವ ಕಾಲಕ್ಕೆ, ಫೆಬ್ರವರಿ ಮಾರ್ಚಿನಲ್ಲಿ ಬಂದ ಹೂ ಮಳೆಗಾಲದಲ್ಲಿ ಹಣ್ಣಾಗುತ್ತೆ. ಮೃಗಶಿರ ಮಳೆಯ ಹೊತ್ತಿಗೆ, ಜೂನ್ ಜುಲೈನಲ್ಲಿ ಬಂದದ್ದು ಚಳಿಗಾಲಕ್ಕೆ. ಹಸ್ತ ಮಳೆಯ ಹೊತ್ತಿಗೆ, ಅಕ್ಟೋಬರಿನಲ್ಲಿ ಬಂದದ್ದು ಬೇಸಿಗೆಯ ಬಾಗಿಲಿಗೆ. ವಿಜಯಪುರದ ಕಡೆ ದಾಳಿಂಬೆ ಬೆಳೆಯುವವರು ಹೇಳುವ ಅಂಬೆ ಬಹಾರ್, ಮೃಗ ಬಹಾರ್, ಹಸ್ತ ಬಹಾರ್ ಇವೇ.

ಮಳೆಗಾಲದ ಬೆಳೆ ಸಂಖ್ಯೆಯಲ್ಲಿ ಜಾಸ್ತಿ, ರುಚಿಯಲ್ಲಿ ಕಡಿಮೆ. ಮೋಡ ಮುಚ್ಚಿದ ದಿನಗಳಲ್ಲಿ ಸಕ್ಕರೆ ಕಟ್ಟುವುದಿಲ್ಲ, ಬೇರಿಗೆ ನೀರು ಹೆಚ್ಚು, ನೊಣವೂ ಅದೇ ಕಾಲಕ್ಕೆ ಜೋರು. ಚಳಿಗಾಲದ ಹಣ್ಣು ಇದಕ್ಕೆ ಪೂರ್ತಿ ಉಲ್ಟಾ. ಒಂದೇ ಮರದ ಆಗಸ್ಟ್ ಹಣ್ಣನ್ನೂ ಡಿಸೆಂಬರ್ ಹಣ್ಣನ್ನೂ ತಿಂದವರು ಇವು ಬೇರೆ ಬೇರೆ ತಳಿ ಅಂತಲೇ ಹೇಳುತ್ತಾರೆ.

ಹಾಗಾಗಿ ಮಳೆಗಾಲದ ಬೆಳೆಯನ್ನು ನಾವೇ ಬಿಟ್ಟುಕೊಡಬೇಕು. ದೊಡ್ಡ ತೋಟದಲ್ಲಿ ಫೆಬ್ರವರಿಯಿಂದ ಮೇ ಮಧ್ಯದವರೆಗೆ ನೀರು ನಿಲ್ಲಿಸುತ್ತಾರೆ. ಎಲೆ ಅರ್ಧ ಉದುರಿ, ಗಿಡ ಸುಮ್ಮನಾಗುತ್ತೆ. ಜೂನಿನಲ್ಲಿ ಗೊಬ್ಬರ ನೀರು ಕೊಟ್ಟಾಗ ಹೊಸ ಚಿಗುರು, ಹೂ ಒಟ್ಟಿಗೆ ಬರುತ್ತವೆ. ಮನೆ ಹಿತ್ತಲಲ್ಲಿ ಇದು ಕಷ್ಟ. ಪಾತ್ರೆ ತೊಳೆದ ನೀರು ಹರಿದು ಬರುತ್ತೆ, ಏಪ್ರಿಲ್‌ನಲ್ಲಿ ಗುಡುಗು ಮಳೆ ಬಂದುಬಿಡುತ್ತೆ. ಅದಕ್ಕೆ ನಾನು ಕತ್ತರಿ ಹಿಡಿಯುತ್ತೇನೆ. ಸೀಬೆ ಹೂ ಬಿಡೋದು ಹೊಸ ಚಿಗುರಿನ ಎಲೆಯ ಕಂಕುಳಲ್ಲಿ ಮಾತ್ರ. ಮೇ ತಿಂಗಳಲ್ಲಿ ಹೀಚು ಕಚ್ಚಿರುವ ಎಳೆ ರೆಂಬೆಗಳನ್ನು ಅರ್ಧಕ್ಕೆ ಕತ್ತರಿಸಿದರೆ ಹೀಚೂ ಹೋಗುತ್ತೆ, ಪಕ್ಕದಿಂದ ಹೊಸ ಚಿಗುರೂ ಬರುತ್ತೆ, ಅದರಲ್ಲಿ ಜೂನ್ ಜುಲೈ ಹೂ ಬರುತ್ತೆ. ಮೊದಲ ವರ್ಷ ಗೋಲಿ ಗಾತ್ರದ ಹೀಚುಗಳನ್ನು ಕತ್ತರಿಸಿ ಬುಟ್ಟಿಗೆ ಹಾಕುವಾಗ ಕೈ ಬರಲಿಲ್ಲ. ಜನವರಿಯಲ್ಲಿ ಸಫೇದದ ಹಣ್ಣು ಕಿತ್ತು ತಿಂದ ಮೇಲೆ ಮತ್ತೆ ಯಾವತ್ತೂ ಹಿಂದೆಮುಂದೆ ನೋಡಿಲ್ಲ. ಪಕ್ಕದ ಮನೆ ಅಕ್ಕನ ಮರಕ್ಕೂ ಮುಂದಿನ ಮೇನಲ್ಲಿ ಇದನ್ನೇ ಮಾಡಿದೆವು.

ಎಲೆ ಸೊಂಪು, ಹೂವೇ ಇಲ್ಲ

ಬೀಜದ ಗಿಡವಾ, ಕಸಿ ಗಿಡವಾ ಅಂತ ನೆನಪಿಸಿಕೊಳ್ಳಿ. ಬೀಜದ ಗಿಡ ನಾಲ್ಕೈದು ವರ್ಷ ಕಾಯಿಸುತ್ತೆ, ಅದು ದೋಷ ಅಲ್ಲ. ಕಸಿ ಗಿಡ ಎರಡು ಮೂರು ವರ್ಷ ಆದರೂ ಹೂ ಬಿಡದಿದ್ದರೆ ಬಿಸಿಲು ನೋಡಿ. ಗೋಡೆಯ ನೆರಳಲ್ಲೋ ತೆಂಗಿನ ಬುಡದಲ್ಲೋ ಇದ್ದರೆ ಸೀಬೆ ಎತ್ತರಕ್ಕೆ ಓಡುತ್ತೆ, ಕಾಯಿ ಕೊಡಲ್ಲ. ಬಿಸಿಲೂ ಚೆನ್ನಾಗಿದ್ದರೆ ಯೂರಿಯಾ ಅಥವಾ ಕೋಳಿ ಗೊಬ್ಬರ ಜಾಸ್ತಿ ಆಗಿರಬಹುದು. ನೆಟ್ಟಗೆ ಮೇಲೆ ಹೋಗುವ ರೆಂಬೆಗಳನ್ನು ಹಗ್ಗ ಕಟ್ಟಿ ಅಡ್ಡಕ್ಕೆ ಬಗ್ಗಿಸಿ. ಬಗ್ಗಿಸಿದ ರೆಂಬೆಯ ಉದ್ದಕ್ಕೂ ಪುಟ್ಟ ಚಿಗುರು ಏಳುತ್ತೆ, ಹೂ ಅದರಲ್ಲೇ.

ತಂದದ್ದು ಕೆಂಪು ಸೀಬೆ, ಬಂದದ್ದು ಬಿಳಿ

ಗಿಡದ ಬುಡದಲ್ಲಿ ಕೂತು ನೋಡಿ. ಕಸಿಯ ಗಂಟು ಎಲ್ಲಿದೆ? ಈಗ ಜೋರಾಗಿ ಬೆಳೆದಿರುವ ಕೊಂಬೆ ಗಂಟಿನ ಮೇಲಿಂದ ಬಂದಿದೆಯಾ, ಕೆಳಗಿನಿಂದಲಾ? ಕೆಳಗಿನಿಂದ ಬಂದದ್ದು ಬೇರುಗಿಡದ ಚಿಗುರು, ಅದರ ಹಣ್ಣು ಬೀಜದ ಗಿಡದ ಹಣ್ಣು. ಮೇಲಿನ ಕಸಿ ಇನ್ನೂ ಬದುಕಿದ್ದರೆ ಕೆಳಗಿನದನ್ನು ಬುಡಕ್ಕೆ ಕತ್ತರಿಸಿ, ಮುಂದೆ ಚಿಗುರಿದಾಗಲೆಲ್ಲ ಬೆರಳಿಂದ ಮುರಿಯುತ್ತಾ ಇರಿ. ಕಸಿ ಸತ್ತಿದ್ದರೆ ಹೊಸ ಗಿಡ ತರಬೇಕು. ಇದೇ ಕಾರಣಕ್ಕೆ ನನಗೆ ಗೂಟಿ ಗಿಡ ಇಷ್ಟ. ಗೂಟಿ ಅಂದರೆ ಮರದಲ್ಲಿರುವ ರೆಂಬೆಯ ತೊಗಟೆಯನ್ನು ಉಂಗುರದ ಹಾಗೆ ಸುಲಿದು, ಅಲ್ಲಿಗೆ ಒದ್ದೆ ನಾರಿನ ಪುಡಿ ತುಂಬಿ ಪ್ಲಾಸ್ಟಿಕ್ ಸುತ್ತಿ, ಬೇರು ಬಂದ ಮೇಲೆ ಕತ್ತರಿಸಿ ನೆಡೋದು. ಅದರಲ್ಲಿ ಬೇರೂ ತಾಯಿಮರದ್ದೇ, ಬುಡದಿಂದ ಏನು ಚಿಗುರಿದರೂ ಅದೇ ತಳಿ.

ಗೂಟಿ ಕಟ್ಟಿದರೆ ಬೇರು ಬರಲ್ಲ

ಅಜ್ಜಿಯ ನಾಟಿ ಮರ ಒಳಗೆ ತಿಳಿಗುಲಾಬಿ, ಬೀಜ ಗಟ್ಟಿ, ಆದರೆ ಘಮ ಮನೆ ತುಂಬುತ್ತೆ. ಬೀಜ ಹಾಕಿದರೆ ಅದೇ ಹಣ್ಣು ಬರುತ್ತೆ ಅನ್ನುವ ಭರವಸೆ ಇಲ್ಲ. ಅದಕ್ಕೆ ಗೂಟಿ ಕಟ್ಟಲು ಹೊರಟೆ. ಮೊದಲ ವರ್ಷ ಆರು ಕಟ್ಟಿದೆ, ಆರೂ ಸೋತವು. ಬಿಚ್ಚಿ ನೋಡಿದಾಗ ಕಾರಣ ಅಲ್ಲೇ ಇತ್ತು.

ನಾಲ್ಕರಲ್ಲಿ ಮೇಲಿನ ತೊಗಟೆ ಕೆಳಗಿನ ತೊಗಟೆಗೆ ಸೇತುವೆಯ ಹಾಗೆ ಕೂಡಿಕೊಂಡಿತ್ತು. ಸಿಪ್ಪೆ ತೆಗೆದಿದ್ದೆ, ಅದರ ಕೆಳಗಿನ ಲೋಳೆ ಪದರ ಕೆರೆದಿರಲಿಲ್ಲ. ತೊಗಟೆ ಸುಲಿದ ಕೂಡಲೇ ಕಟ್ಟಿಗೆಯ ಮೇಲೆ ಬೆರಳಾಡಿಸಿ, ಜಾರುತ್ತೆ. ಚಾಕುವಿನ ಬೆನ್ನಿನಿಂದ ಆ ಜಾರು ಹೋಗುವ ತನಕ ಕೆರೆದು, ಒಣ ಬಟ್ಟೆಯಲ್ಲಿ ಒರೆಸಬೇಕು. ಬೆರಳಿಗೆ ಒರಟು ಹತ್ತಿದರೆ ಸರಿಯಾಯ್ತು. ಸುಲಿಯುವ ಅಗಲ ಎರಡೂವರೆಯಿಂದ ಮೂರು ಸೆಂಟಿಮೀಟರ್. ಅದಕ್ಕಿಂತ ಕಿರಿದಾದರೆ ಗಿಡ ಗಾಯ ಮುಚ್ಚಿಕೊಳ್ಳುತ್ತೆ.

ಉಳಿದ ಎರಡರಲ್ಲಿ ತೆಂಗಿನ ನಾರಿನ ಪುಡಿ ಕೊಳೆತು ವಾಸನೆ ಬರುತ್ತಿತ್ತು. ತೀರಾ ಒದ್ದೆ ಮಾಡಿ ತುಂಬಿದ್ದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ನೀರು ಸುರಿಯಬಾರದು. ಪ್ಲಾಸ್ಟಿಕ್‌ನ ಎರಡೂ ತುದಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಮಳೆ ನೀರು ಕಾಂಡದ ಮೇಲಿಂದ ಇಳಿದು ಒಳಗೆ ನಿಲ್ಲುತ್ತೆ.

ಎರಡನೇ ವರ್ಷ ಜೂನ್ ಕೊನೆಯಲ್ಲಿ ಪೆನ್ಸಿಲ್ ದಪ್ಪದ, ಬಿಸಿಲು ಕಾಣುವ ರೆಂಬೆಗಳನ್ನೇ ಆರಿಸಿದೆ. ಗಾಯದ ಮೇಲಂಚಿಗೆ ಬೇರು ಬರಿಸುವ ಪುಡಿ ಸವರಿದೆ. ಬೇರು ಬರುವುದು ಮೇಲಂಚಿನಿಂದಲೇ, ಕೆಳಗೆ ಸವರಿದರೆ ವ್ಯರ್ಥ. ಆರನೇ ವಾರಕ್ಕೆ ಪ್ಲಾಸ್ಟಿಕ್ ಒಳಗೆ ಬಿಳಿ ಬೇರು ಕಂಡಿತು. ಬಿಳಿ ಕಂಡ ತಕ್ಷಣ ಕತ್ತರಿಸಬೇಡಿ. ಬೇರು ಕವಲೊಡೆದು ತುಸು ಕಂದಾಗುವವರೆಗೆ ಕಾಯಿರಿ. ಆಮೇಲೂ ಒಂದೇ ಏಟಿಗೆ ಬೇರ್ಪಡಿಸುವುದು ಬೇಡ. ಗೂಟಿಯ ಕೆಳಗೆ ಅರ್ಧ ಆಳಕ್ಕೆ ಕಚ್ಚು ಹಾಕಿ, ವಾರ ಬಿಟ್ಟು ಪೂರ್ತಿ ಕತ್ತರಿಸಿ. ಅರ್ಧ ಎಲೆ ತೆಗೆದು, ಕುಂಡಕ್ಕೆ ಹಾಕಿ, ನೆರಳಲ್ಲಿಡಿ. ಬೇರು ಬಂದ ಗೂಟಿ ಕುಂಡಕ್ಕೆ ಬಂದ ಮೇಲೆ ಸತ್ತರೆ ಹೆಚ್ಚಾಗಿ ಕಾರಣ ಇದೇ: ಇರುವ ನಾಲ್ಕು ಬೇರಿನ ಮೇಲೆ ನಲವತ್ತು ಎಲೆಯ ಭಾರ.

ಹೊಸ ಗಿಡ ವರ್ಷ ಕಳೆದರೂ ಏಳಲ್ಲ

ಡ್ರಮ್ಮಿನ ತೈವಾನ್ ಪಿಂಕ್ ಈಗಿರುವುದು ಎರಡನೆಯದು. ಮೊದಲನೆಯದನ್ನು ಒಂದು ನರ್ಸರಿಯಿಂದ ತಂದಿದ್ದೆ. ಎಲೆ ಚಿಕ್ಕದಾಗುತ್ತಾ ಬಂತು, ಅಂಚು ತಾಮ್ರದ ಬಣ್ಣಕ್ಕೆ ತಿರುಗಿತು, ಮಧ್ಯಾಹ್ನ ಮಣ್ಣು ತೇವ ಇದ್ದರೂ ತಲೆ ಬಾಗಿಸುತ್ತಿತ್ತು. ಗೊಬ್ಬರ ಹಾಕಿದೆ, ಸತು ಕೊಟ್ಟೆ, ಏನೂ ಆಗಲಿಲ್ಲ. ಕೊನೆಗೆ ಕಿತ್ತು, ಬೇರನ್ನು ಬಕೆಟ್ ನೀರಲ್ಲಿ ಅದ್ದಿ ತೊಳೆದೆ. ಎಳೆ ಬೇರಿನ ಮೇಲೆಲ್ಲ ಶುಂಠಿಯ ಗೆಣ್ಣಿನ ಹಾಗೆ ಗಂಟು. ಬೇರುಗಂಟಿನ ಜಂತುಹುಳ. ಅದು ನಮ್ಮ ಮಣ್ಣಿನಲ್ಲಿ ಹುಟ್ಟಿದ್ದಲ್ಲ, ಗಿಡದ ಜೊತೆ ಚೀಲದಲ್ಲೇ ಬಂದಿತ್ತು. ಡ್ರಮ್ಮಿನಲ್ಲಿ ಇದ್ದದ್ದರಿಂದ ನೆಲಕ್ಕೆ ಹರಡಲಿಲ್ಲ, ಅದೊಂದು ಪುಣ್ಯ. ತಮಿಳುನಾಡಿನ ಸೀಬೆ ತೋಟಗಳಿಗೂ ಈ ಹುಳ ನರ್ಸರಿ ಸಸಿಗಳ ಜೊತೆಗೇ ಹರಡಿ ಬಹಳ ನಷ್ಟ ಮಾಡಿದೆ.

ಇದು ಬಂದ ಮೇಲೆ ಪೂರ್ತಿ ವಾಸಿ ಮಾಡೋದು ಕಷ್ಟ. ನೆಲದಲ್ಲಿರುವ ಮರಕ್ಕೆ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಕೊಟ್ಟು, ಬುಡದ ಸುತ್ತ ಚೆಂಡುಹೂ ಹಾಕಿ ಕಾಟ ತಗ್ಗಿಸಬಹುದು. ತಡೆಯೋದು ಮಾತ್ರ ಸುಲಭ. ಗಿಡ ಕೊಳ್ಳುವಾಗ "ಸ್ವಲ್ಪ ಚೀಲ ಸರಿಸಿ ಬೇರು ತೋರಿಸ್ತೀರಾ" ಅಂತ ಕೇಳಿ. ಬೇರು ತೋರಿಸಲು ಒಪ್ಪದ ಕಡೆ ನಾನು ಗಿಡ ಕೊಳ್ಳುವುದಿಲ್ಲ.

ದೊಡ್ಡ ಮರದ ಒಂದು ಕಡೆ ಒಣಗುತ್ತಿದೆ

ಮಳೆಗಾಲದ ಕೊನೆಯಲ್ಲಿ ಒಂದು ಪಕ್ಕದ ರೆಂಬೆಯ ತುದಿ ಎಲೆ ಹಳದಿಯಾಗಿ, ಸುರುಳಿ ಸುತ್ತಿ ಉದುರುತ್ತೆ. ಕಾಯಿ ಉದುರದೆ ಗಟ್ಟಿಯಾಗಿ, ಕಪ್ಪಾಗಿ ನೇತಾಡುತ್ತೆ. ಆಮೇಲೆ ಪಕ್ಕದ ರೆಂಬೆ, ಆಮೇಲೆ ಇಡೀ ಮರ. ಇದು ಸೊರಗು ರೋಗ, ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ. ನಮ್ಮ ದೇಶದಲ್ಲಿ ಇದು ಮೊದಲು ದಾಖಲಾದದ್ದು 1935ರಲ್ಲಿ, ಅಲಹಾಬಾದಿನಲ್ಲಿ. ಇವತ್ತಿಗೂ ಪೂರ್ತಿ ಹಿಡಿದ ಮರವನ್ನು ಉಳಿಸುವ ಔಷಧಿ ಇಲ್ಲ. ಬೇರುಸಮೇತ ತೆಗೆದು ಸುಟ್ಟುಬಿಡಿ, ಅದೇ ಗುಂಡಿಯಲ್ಲಿ ಮತ್ತೆ ಸೀಬೆ ಇಡಬೇಡಿ. ಬುಡದಲ್ಲಿ ನೀರು ನಿಲ್ಲದ ಹಾಗೆ, ಗುದ್ದಲಿಯಿಂದ ಬೇರು ಕಡಿಯದ ಹಾಗೆ ನೋಡಿಕೊಳ್ಳಿ, ರೋಗ ಒಳಗೆ ಹೋಗೋದು ಬೇರಿನ ಗಾಯದಿಂದ. ಒಣಗಿದ್ದನ್ನೆಲ್ಲ ಸೊರಗು ಅಂದುಕೊಳ್ಳುವ ಮೊದಲು ಕಾಂಡ ನೋಡಿ. ಕವಲಿನ ಹತ್ತಿರ ಜೇಡರ ಬಲೆಯಂಥ ಪಟ್ಟಿ, ಅದರಲ್ಲಿ ಮರದ ಪುಡಿ, ಹಿಕ್ಕೆ ಅಂಟಿಕೊಂಡಿದ್ದರೆ ತೊಗಟೆ ತಿನ್ನುವ ಹುಳ. ಪಟ್ಟಿ ಒರೆಸಿ, ತೂತಿನೊಳಗೆ ತಂತಿ ಹಾಕಿ ತಿವಿದರೆ ಮುಗೀತು.

ಸಿಪ್ಪೆ ಮೇಲೆ ಕಜ್ಜಿ

ಪುತ್ತೂರಿನ ದೊಡ್ಡಮ್ಮನ ಮನೆಯ ಪೇರಳೆ (ಅವರು ಸೀಬೆ ಅನ್ನುವುದಿಲ್ಲ) ನೋಡಲು ಕಜ್ಜಿ ಹಿಡಿದ ಹಾಗೆ ಇರುತ್ತಿತ್ತು. ಕಾಯಿಯ ಮೇಲೆಲ್ಲ ಉಬ್ಬಿದ ಕಂದು ಹಕ್ಕಳೆ, ಎಳೆ ಕುಡಿ ಸುಟ್ಟ ಹಾಗೆ ಕಪ್ಪು. ಬೇಲಿಯಾಚೆ ಗೇರು ತೋಟ. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯೇ ಪೇರಳೆಗೂ ಬರುತ್ತೆ. ಹೆಸರು ಸೊಳ್ಳೆ, ಆದರೆ ಅದು ಒಂದು ತಿಗಣೆ. ಕುಡಿಯೂ ಕಪ್ಪಾಗಿ, ಕಾಯಿಯೂ ಕಜ್ಜಿಯಾಗಿದ್ದರೆ ಇದನ್ನೇ ಅನುಮಾನಿಸಿ. ಹೊಸ ಚಿಗುರು ಬರುವಾಗ ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿ, ಕಾಯಿಗೆ ಬೇಗ ಚೀಲ ಕಟ್ಟಿದರೆ ಸಾಕು. ಕುಡಿ ಚೆನ್ನಾಗಿದ್ದು ಕಾಯಿಯಲ್ಲಿ ಮಾತ್ರ ಹಕ್ಕಳೆ ಇದ್ದರೆ ಅದು ಶಿಲೀಂಧ್ರದ ಹುಣ್ಣು. ಎರಡರಲ್ಲೂ ತಿರುಳು ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ, ಸಿಪ್ಪೆ ಹೆರೆದು ತಿನ್ನಿ.

ಎಲೆಯಡಿ ಬಿಳಿ ಹಿಟ್ಟು, ಮೇಲೆ ಕಪ್ಪು ಮಸಿ: ಬಿಳಿ ನೊಣ ಅಥವಾ ಹಿಟ್ಟು ತಿಗಣೆ. ಪೈಪಿನಿಂದ ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ, ಇರುವೆ ಹತ್ತದ ಹಾಗೆ ನೋಡಿ, ಮಸಿ ತಾನಾಗೇ ಹೋಗುತ್ತೆ. ಎಲೆ ನೇರಳೆ ಕಂದು ಬಣ್ಣಕ್ಕೆ ತಿರುಗಿ, ಬೇರು ಗಂಟಿಲ್ಲದೆ ಚೆನ್ನಾಗಿದ್ದರೆ ಪೋಷಕಾಂಶದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಬೆರೆಸಿ ಎಲೆಗೆ ಹೊಡೆದು, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಕೊಡಿ. ಕಾಯಿ ಬಿರಿಯುತ್ತಿದ್ದರೆ ಮೊದಲು ನೀರು ಒಂದೇ ಸಮ ಕೊಡಿ, ಆಮೇಲೆ ಬೋರಾನ್ ಬಗ್ಗೆ ಯೋಚಿಸಿ.

ರುಚಿ ಅಂದುಕೊಂಡ ಹಾಗಿಲ್ಲ

ಗಿಡವೂ ಸರಿ, ತಿಂಗಳೂ ಸರಿ, ಆದರೂ ನಿರಾಸೆ ಆದರೆ ಕಿತ್ತ ಹೊತ್ತು ನೋಡಿ. ತೈವಾನ್ ಪಿಂಕ್ ದೋರೆಗಾಯಿಯಲ್ಲೇ ಚೆನ್ನ, ಕರುಂ ಅನ್ನುತ್ತೆ. ಪೂರ್ತಿ ಹಣ್ಣಾದರೆ ಮೆತ್ತಗಾಗಿ ಸಪ್ಪೆ ಎನಿಸುತ್ತೆ. ಸಫೇದ ಇದಕ್ಕೆ ವಿರುದ್ಧ. ಹಸಿರು ಹೋಗಿ ತಿಳಿಹಳದಿ ಬಂದು, ಮೂಗಿಗೆ ಘಮ ಹತ್ತಿದ ಮೇಲೇ ಕೀಳಬೇಕು. ಲಕ್ನೋ 49 ಕ್ಕೆ ಸರ್ದಾರ್ ಅಂತಲೂ ಹೆಸರು. ಮೈ ತುಸು ಉಬ್ಬುತಗ್ಗು, ಸಿಹಿಯ ಹಿಂದೆ ಒಂದು ಹುಳಿ ಎಳೆ ಇದೆ, ಉಪ್ಪು ಖಾರ ಹಚ್ಚಿ ತಿನ್ನಲು ಅದಕ್ಕೆ ಸಮ ಇಲ್ಲ. ಬೀಜ ಹಲ್ಲಿಗೆ ಸಿಕ್ಕುತ್ತೆ ಅನ್ನುವವರಿಗೆ ಅರ್ಕಾ ಮೃದುಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಫೇದದ ಸಸಿಗಳಿಂದಲೇ ಆರಿಸಿದ ತಳಿ ಅದು, ನಮ್ಮ ಅಪ್ಪ ಎಂಬತ್ತರ ಹಲ್ಲಿನಲ್ಲೂ ಆರಾಮಾಗಿ ತಿನ್ನುತ್ತಾರೆ. ಅದೇ ಸಂಸ್ಥೆಯ ಅರ್ಕಾ ಕಿರಣ್ ಒಳಗೆ ಕಡುಕೆಂಪು, ಗಟ್ಟಿ ತಿರುಳು. ಕೆಂಪು ಬರದೆ ಪೇಲವ ಇದ್ದರೆ ಬಲಿಯುವ ಮೊದಲೇ ಕಿತ್ತಿದ್ದೀರಿ. ನಾಲ್ಕು ದಿನ ಬಿಟ್ಟು ಇನ್ನೊಂದು ಕಿತ್ತು ನೋಡಿ.

ಅಜ್ಜಿ ಮರದ ಹಣ್ಣಿಗೆ ಮಾತ್ರ ಈ ಲೆಕ್ಕ ಬೇಡ. ಬೆಳಿಗ್ಗೆ ಅಳಿಲು ಒಂದು ಕಡೆ ಕಚ್ಚಿದ ದಿನ ಆ ಗೊಂಚಲಿನ ಉಳಿದ ಹಣ್ಣು ಕೀಳಲು ಸರಿಯಾಗಿರುತ್ತೆ. ಅದರ ಎರಡು ಗೂಟಿ ಗಿಡ ಈಗ ಕುಂಡದಲ್ಲಿ ಹೊಸ ಎಲೆ ಬಿಟ್ಟಿವೆ. ಒಂದು ಪುತ್ತೂರಿಗೆ ಹೋಗುತ್ತೆ, ಇನ್ನೊಂದು ಪಕ್ಕದ ಮನೆ ಅಕ್ಕನಿಗೆ.